ಸಂತ ಫಿಲೋಮಿನಾಳನ್ನು ಪಟ್ಟಿಯಿಂದ ತೆಗೆದದ್ದು ನಿಜವೇ?

ಮಂಡ್ಯದ ಓದುಗಿ:
ಮೈಸೂರಿಗೆ ಹೋದಾಗಲೆಲ್ಲ ನಮ್ಮ ತಾಯಿ ಅಶೋಕ ರಸ್ತೆಯ ಫಿಲೋಮಿನಾ ಚರ್ಚ್‌ನಲ್ಲಿ ಮೇಣದಬತ್ತಿ ಹಚ್ಚದೆ ವಾಪಸ್ ಬಸ್ ಹತ್ತುವುದಿಲ್ಲ. ನಾವು ಕ್ರೈಸ್ತರಲ್ಲ. ಗಂಜಾಂನ ನಿಮಿಷಾಂಬೆಗೆ ಹರಕೆ ಹೊರುವಂತೆ ಈ ತಾಯಿಗೂ ಹೊರುತ್ತಾರೆ. ಮೊನ್ನೆ ಊಟಕ್ಕೆ ಕುಳಿತಾಗ ಅಕ್ಕನ ಮಗ ಮೊಬೈಲ್‌ನಿಂದ ತಲೆ ಎತ್ತದೆಯೇ, "ಅಜ್ಜಿ, ಆ ಸಂತಳು ಇರಲೇ ಇಲ್ಲವಂತೆ. ಪಟ್ಟಿಯಿಂದ ತೆಗೆದುಹಾಕಿದ್ದಾರಂತೆ" ಎಂದುಬಿಟ್ಟ. ಅಮ್ಮ, "ಮೊದಲು ಅನ್ನಕ್ಕೆ ಸಾರು ಹಾಕಿಕೋ" ಎಂದಷ್ಟೇ ಹೇಳಿದರು. ಆಮೇಲಿನಿಂದ ನನ್ನ ತಲೆ ತಿನ್ನುತ್ತಿದ್ದಾರೆ. ಬಲ್ಲವರು ತಿಳಿಸಿ.

ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು:
ಹುಡುಗ ಅರ್ಧ ಓದಿ ಪೂರ್ತಿ ತೀರ್ಪು ಕೊಟ್ಟಿದ್ದಾನೆ. 1961ರಲ್ಲಿ ರೋಮ್ ತೆಗೆದದ್ದು ಪೂಜಾ ಪಂಚಾಂಗಗಳಲ್ಲಿದ್ದ ಅವಳ ಹಬ್ಬವನ್ನು. ಇರಲೇ ಇಲ್ಲ ಎಂದು ಸಾರಲಿಲ್ಲ, ಹರಕೆ ಹೊರಬೇಡಿ ಎಂದೂ ತಡೆಯಲಿಲ್ಲ.

ಕೈಯಲ್ಲಿರುವ ಸಾಕ್ಷ್ಯ ಬಹಳ ಸಣ್ಣದು. 1802ರ ಮೇ ತಿಂಗಳಲ್ಲಿ ರೋಮ್‌ನ ಪ್ರಿಸಿಲ್ಲಾ ನೆಲಗುಹೆಯಲ್ಲಿ ಒಂದು ಸಮಾಧಿ ಸಿಕ್ಕಿತು. ಅದರ ಬಾಯಿಗೆ ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹಲಗೆಗಳ ಮೇಲೆ ಲಂಗರು, ಬಾಣ, ಗರಿಯ ಚಿತ್ರಗಳು. ಜೊತೆಗೆ ಅಡ್ಡಾದಿಡ್ಡಿಯಾದ ಒಂದು ಸಾಲು. ಮೊದಲ ಹಲಗೆಯನ್ನು ಕೊನೆಗೆ ಇಟ್ಟು ಓದಿದರೆ 'ಫಿಲುಮೆನಾ, ನಿನಗೆ ಶಾಂತಿ' ಎಂದಾಗುತ್ತದೆ. ಒಳಗಿದ್ದದ್ದು ಹದಿಹರೆಯದ ಹುಡುಗಿಯೊಬ್ಬಳ ಮೂಳೆಗಳು, ಒಂದು ಗಾಜಿನ ಕುಡಿಕೆ. 1805ರಲ್ಲಿ ಅವು ನೇಪಲ್ಸ್ ಹತ್ತಿರದ ಮುನ್ಯಾನೊ ಊರಿಗೆ ಹೋದವು. ಪವಾಡಗಳ ಸುದ್ದಿ ಹಬ್ಬಿದ್ದು ಅಲ್ಲಿಂದ.

ನಿಮ್ಮ ತಾಯಿ ಕೇಳಿರಬಹುದಾದ ಕಥೆ ಬೇರೆ. ಗ್ರೀಕ್ ಅರಸನ ಮಗಳು ಚಕ್ರವರ್ತಿ ಡಯೋಕ್ಲೀಷಿಯನ್‌ನನ್ನು ವರಿಸಲು ಒಪ್ಪಲಿಲ್ಲ; ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರೂ ಮುಳುಗಲಿಲ್ಲ; ಬಾಣಗಳು ಬಿಟ್ಟವರತ್ತಲೇ ತಿರುಗಿದವು; ಕೊನೆಗೆ ತಲೆ ಕಡಿದರು. ಇದು ಮರಿಯಾ ಲೂಯಿಸಾ ಎಂಬ ಸನ್ಯಾಸಿನಿ ತನಗೆ ದರ್ಶನವಾಯಿತೆಂದು 1833ರ ಸುಮಾರಿಗೆ ಹೇಳಿದ್ದು. ಹಲಗೆಯ ಮೇಲಿನ ಲಂಗರು, ಬಾಣಗಳೇ ಕಥೆಯಾಗಿ ಬೆಳೆದವೆಂದು ನನಗೆ ಅನ್ನಿಸುತ್ತದೆ. ಆರಂಭದ ಕ್ರೈಸ್ತರ ಗೋರಿಗಳ ಮೇಲೆ ಲಂಗರು ಸಾಮಾನ್ಯ ಗುರುತು. ಅದನ್ನು ನೋಡಿ ಯಾರನ್ನೋ ನದಿಗೆ ಎಸೆದರು ಎನ್ನಲಾಗದು. ಆದರೂ 1837ರಲ್ಲಿ ಪೋಪ್ ಹದಿನಾರನೇ ಗ್ರೆಗರಿ ಅವಳ ಹೆಸರಿನ ಪೂಜೆಗೆ ಅನುಮತಿ ಕೊಟ್ಟರು.

ಲಷ್ಕರ್ ಮೊಹಲ್ಲಾದ ಗೃಹಿಣಿ:
ಮೇಷ್ಟ್ರೇ, ಮೈಸೂರಿನ ಮಾತನ್ನೇ ಬಿಟ್ಟಿರಲ್ಲ! ಮಹಾರಾಜರ ಹುಜೂರು ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು ಸಂತ ಫಿಲೋಮಿನಾಳ ಅವಶೇಷವನ್ನು 1926ರಲ್ಲಿ ತರಿಸಿಕೊಟ್ಟರು. 1933ರಲ್ಲಿ ಈಗಿನ ಚರ್ಚ್‌ಗೆ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ದಾಖಲೆಯಲ್ಲಿ ಸಂತ ಜೋಸೆಫರ ಹೆಸರೂ ಸೇರಿದೆ, ಆದರೆ ಆ ಹೆಸರು ಹೇಳಿದರೆ ಆಟೋದವರು ಮುಖ ನೋಡುತ್ತಾರೆ.

ಅಮ್ಮನವರನ್ನು ಮುಂದಿನ ಸಲ ನೆಲಮಾಳಿಗೆಗೂ ಕರೆದುಕೊಂಡು ಹೋಗಿ. ಅಲ್ಲಿ ಸಂತಳು ಮಲಗಿದ ಭಂಗಿಯಲ್ಲಿದ್ದಾಳೆ. ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು ಎಲ್ಲರೂ ಒಂದೇ ಸಾಲಿನಲ್ಲಿ ಬರುತ್ತಾರೆ. ಮೇಲಿನ ಜೋಡಿ ಗೋಪುರಗಳ ಫೋಟೊ ತೆಗೆದುಕೊಂಡು ಹೊರಟುಬಿಡುವವರನ್ನು ಕಂಡರೆ ನನಗೆ ಸಿಟ್ಟು. ಹಬ್ಬ ಆಗಸ್ಟ್ 11, ಜನ ಮರೆತಿಲ್ಲ.

ಪ್ರಶ್ನೆ ಕೇಳುವವನು:
ಆ ಹಲಗೆಗಳು ಬೇರೆ ಯಾರದ್ದೋ ಗೋರಿಯವು, ಮತ್ತೆ ಬಳಸಿಕೊಂಡಿದ್ದರಿಂದಲೇ ಅದಲುಬದಲಾಗಿವೆ ಎಂದು ಪುರಾತತ್ತ್ವಜ್ಞ ಮರುಕ್ಕಿ ವಾದಿಸಿದ್ದನ್ನು ಏಕೆ ಹೇಳಲಿಲ್ಲ? ಹಾಗಾದರೆ ಮೂಳೆ ಫಿಲುಮೆನಾಳದ್ದೇ ಅಲ್ಲ.

ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು:
ಬಲವಾದ ವಾದವೇ. ಅದನ್ನು ಒಪ್ಪಿದರೂ ಆ ಗುಹೆಯಲ್ಲಿ ಹುಡುಗಿಯೊಬ್ಬಳನ್ನು ಮಣ್ಣು ಮಾಡಿದ್ದು ಸುಳ್ಳಾಗುವುದಿಲ್ಲ. ಹೆಸರು ಮಾತ್ರ ಕೈತಪ್ಪುತ್ತದೆ. ಅವಳು ರಕ್ತಸಾಕ್ಷಿ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವಳು ಎಂಬುದನ್ನು ನಾನೂ ಇತಿಹಾಸವೆಂದು ಪಾಠ ಮಾಡುವುದಿಲ್ಲ.

ಮಂಡ್ಯದ ಓದುಗಿ:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಹಲಗೆಯ ವಿಷಯದಲ್ಲಿ ಅವರಿಗೆ ಆಸಕ್ತಿಯೇ ಇಲ್ಲ. "ಅದಿರಲಿ, ಆ ರಾಜನಿಗೆ ಕೊನೆಗೆ ಏನಾಯಿತು?" ಎಂದು ಕೇಳುತ್ತಿದ್ದಾರೆ.

ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು:
ಇದಕ್ಕೆ ಇತಿಹಾಸದಲ್ಲೇ ಉತ್ತರವಿದೆ. 303ರಲ್ಲಿ ಕ್ರೈಸ್ತರ ಮೇಲೆ ದೊಡ್ಡ ದಮನ ಶುರುಮಾಡಿದ ಡಯೋಕ್ಲೀಷಿಯನ್ 305ರಲ್ಲಿ ತಾನೇ ಪಟ್ಟ ಬಿಟ್ಟ. ಈಗಿನ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಅರಮನೆ ಕಟ್ಟಿಕೊಂಡು ಎಲೆಕೋಸು ಬೆಳೆಯುತ್ತಿದ್ದ. ತನಗಾಗಿ ಕಟ್ಟಿಸಿಕೊಂಡಿದ್ದ ಗೋರಿಮಂದಿರವೇ ಮುಂದೆ ಅಲ್ಲಿನ ಕೆಥೆಡ್ರಲ್ ಆಯಿತು. ಅದೂ ಅವನ ಆಳ್ವಿಕೆಯಲ್ಲೇ ಸತ್ತ ರಕ್ತಸಾಕ್ಷಿ, ಬಿಷಪ್ ದೊಮ್ನಿಯಸ್ ಹೆಸರಿನಲ್ಲಿ.