ಮೊದಲ ಕಾದಂಬರಿ, ಸ್ವಂತ ಪ್ರಕಟಣೆ: ಸಾವಿರ ಪ್ರತಿಯೋ ನೂರೋ?

ಹೊಸಪುಟ: 45,000 ಪದಗಳ ಮೊದಲ ಕಾದಂಬರಿ ಸಿದ್ಧವಿದೆ, ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಆಗಿದೆ. ನಾನೇ ಪ್ರಕಟಿಸುವ ಯೋಚನೆ. 1000 ಪ್ರತಿ ಹಾಕಿಸಿದರೆ ಅಗ್ಗ ಅಂತಾರೆ ಪ್ರೆಸ್ಸಿನವರು. ಹಾಗೇ ಮಾಡಲೇ?

ಅಚ್ಚುಮನೆ: ಪ್ರತಿಯ ಖರ್ಚು ಇಳಿಯುವುದು ನಿಜ. ಆಫ್‌ಸೆಟ್‌ನಲ್ಲಿ ಪುಟಗಳನ್ನು ಲೋಹದ ಪ್ಲೇಟಿಗೆ ಇಳಿಸಿ ಅಚ್ಚು ಹಾಕುತ್ತಾರೆ, ಆ ಪ್ಲೇಟಿನ ಖರ್ಚು 300ಕ್ಕೂ ಅಷ್ಟೇ, 1000ಕ್ಕೂ ಅಷ್ಟೇ. ಆದರೆ ಮೊದಲು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಸುವ ಪುಟಗಳ ಕಂತೆ) ಲೆಕ್ಕ ಹಾಕಿ. ಡೆಮಿ 1/8 (ಕಾದಂಬರಿಗಳ ಸಾಮಾನ್ಯ ಅಳತೆ), ಪುಟಕ್ಕೆ 30 ಸಾಲು ಅಂದರೆ ಸುಮಾರು 240 ಪದ. 188 ಪುಟ ಕಥೆ, ಶೀರ್ಷಿಕೆ, ಅರ್ಪಣೆ, ಮುನ್ನುಡಿಗೆ 8, ಒಟ್ಟು 196. ಫಾರಂಗೆ 16 ಪುಟ, 12 ಫಾರಂಗೆ 192. ಉಳಿದ 4 ಪುಟಕ್ಕೆ ಮತ್ತೆ ಪ್ಲೇಟು, ಮತ್ತೆ ಮಡಿಕೆ. ಅಧ್ಯಾಯದ ಕೊನೆಯ ಎರಡು ಮೂರು ಸಾಲು ಹೊಸ ಪುಟಕ್ಕೆ ಚೆಲ್ಲಿರುವ ಕಡೆ ಹಿಂದಕ್ಕೆಳೆದರೆ 192ಕ್ಕೆ ನಿಲ್ಲುತ್ತದೆ.

ಮಳಿಗೆಯಿಂದ: ಸಾವಿರ ಬೇಡ. ಹೊಸ ಹೆಸರಿನ ಕಾದಂಬರಿಯನ್ನು ಅಂಗಡಿಯವರು ಐದೋ ಹತ್ತೋ ಪ್ರತಿ ತೆಗೆದುಕೊಳ್ಳುತ್ತಾರೆ, ಅದೂ ಮಾರಾಟವಾದ ಮೇಲೆ ಹಣ ಎಂಬ ಷರತ್ತಿನಲ್ಲಿ. ಮುಖಬೆಲೆ ₹220 ಇಟ್ಟು ವಿತರಕರಿಗೆ 45% ಬಿಟ್ಟರೆ ಕೈಗೆ ₹121. ಡಿಜಿಟಲ್‌ನಲ್ಲಿ (ಪ್ಲೇಟಿಲ್ಲದೆ ಫೈಲಿನಿಂದ ನೇರ ಅಚ್ಚು) ಪ್ರತಿಗೆ ₹90 ಬಿದ್ದರೂ ₹31 ಉಳಿಯಿತು. ನೇರವಾಗಿ ಓದುಗರಿಗೆ ಕಳಿಸಿದರೆ ಅಂಚೆ ಕಳೆದೂ ಇನ್ನಷ್ಟು ಉಳಿಯುತ್ತದೆ. 100 ಹಾಕಿಸಿ, ಮುಗಿದರೆ ಮತ್ತೆ 100.

ಅಚ್ಚುಮನೆ: ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಒಮ್ಮೆಗೇ ನೂರಾರು ಪ್ರತಿ ಕೊಡಬೇಕಾಗುತ್ತದಲ್ಲ? ಆಗ ಡಿಜಿಟಲ್ ದರದಲ್ಲಿ ಅಚ್ಚು ಹಾಕಿಸಿದರೆ ನಷ್ಟವೇ.

ಮಳಿಗೆಯಿಂದ: ಆಯ್ಕೆಯಾದ ಮೇಲೆ ಆಫ್‌ಸೆಟ್ ಮಾಡಿಸಲು ಯಾರು ಬೇಡ ಅಂದರು? ಪಿಡಿಎಫ್ ಹೇಗೂ ಇರುತ್ತದೆ. ಇಲಾಖೆ ಕೊಳ್ಳುವುದು ಮುಖಬೆಲೆಗಲ್ಲ, ಪುಟಕ್ಕಿಷ್ಟು ಎಂಬ ದರದಲ್ಲಿ, ಹಣ ಬರುವುದು ತಡ. ಅದನ್ನು ನಂಬಿ ಸಾಲ ಮಾಡಬಾರದು. ಆದರೆ ಪ್ರಕಟವಾದ ವರ್ಷವೇ ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗದಲ್ಲಿ ನೋಂದಣಿ ಮಾಡಿಸಿಬಿಡಿ. ಅದಿಲ್ಲದೆ ಸಗಟು ಖರೀದಿಯ ಅರ್ಜಿಗೆ ಬೆಲೆಯಿಲ್ಲ.

ಪುಟವಿನ್ಯಾಸ: ಪ್ರತಿಯ ಸಂಖ್ಯೆಗಿಂತ ಮೊದಲು ಪಠ್ಯ ಸರಿಮಾಡಿ. ಈಗಲೇ ಎಲ್ಲ ಸಾಧನಗಳೂ ಓದಬಲ್ಲ ಯುನಿಕೋಡ್‌ಗೆ ತನ್ನಿ, ಇಲ್ಲವಾದರೆ ನಾಳೆ ಇ-ಪುಸ್ತಕಕ್ಕೆ ಮತ್ತೆ ಮೊದಲಿಂದ ಕೆಲಸ. ಆಸ್ಕಿಯಿಂದ ಬದಲಿಸಿಕೊಡುವ ಪರಿವರ್ತಕ ತಂತ್ರಾಂಶವೇ ಎಲ್ಲ ಮುಗಿಸುತ್ತದೆ ಅಂದುಕೊಳ್ಳಬೇಡಿ. ಇಂಗ್ಲಿಷ್ ಲಿಪಿಯಲ್ಲಿದ್ದ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ, ಉದ್ಧರಣ ಚಿಹ್ನೆ ಬದಲಾಗುತ್ತದೆ. 'ರ‍್ಯಾಂಕ್' ಎಂದಿದ್ದದ್ದು ಅರ್ಕಾವತ್ತಿನ 'ರ್ಯಾಂಕ್' ಆಗಿಬಿಡಬಹುದು. ಅಲ್ಲಿ ರಕಾರದ ನಂತರ ಕಾಣದ ಜೋಡಕವೊಂದನ್ನು (ZWJ) ಸೇರಿಸಬೇಕು. ಇನ್‌ಡಿಸೈನ್‌ನಲ್ಲಿ (ಪುಟ ಕೂರಿಸುವ ತಂತ್ರಾಂಶ) ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಅಚ್ಚುಮನೆ: ಪುಟ ಕೂರಿಸಿಕೊಡುವ ಎಷ್ಟೋ ಡಿಟಿಪಿಯವರು ಇನ್ನೂ ಹಳೆಯ ತಂತ್ರಾಂಶಗಳಾದ ಪೇಜ್‌ಮೇಕರ್, ನುಡಿಯಲ್ಲೇ ಮಾಡಿಕೊಡುತ್ತಾರೆ. ಅಚ್ಚಿಗೆ ಅದು ಸಾಕು.

ಪುಟವಿನ್ಯಾಸ: ಅಚ್ಚಿಗೆ ಸಾಕು, ಲೇಖಕರಿಗೆ ಸಾಲದು. ಪುಟ ಕೂರಿಸುವಾಗ ತಿದ್ದಿದ್ದೆಲ್ಲ ಡಿಟಿಪಿಯವರ ಆಸ್ಕಿ ಫೈಲಿನಲ್ಲಿ ಉಳಿಯುತ್ತದೆ, ಲೇಖಕರ ಕೈಯಲ್ಲಿ ತಪ್ಪುಗಳಿರುವ ಹಳೆಯ ಪ್ರತಿ. ಹಣ ಕೊಡುವ ಮುಂಚೆಯೇ ಕೊನೆಯ ತೆರೆದ (ತಿದ್ದಬಹುದಾದ) ಫೈಲು ಬೇಕೆಂದು ಬರೆದುಕೊಳ್ಳಿ. ಕರಡು ಮೂರು ಸಲ ನೋಡಿ, ಅದರಲ್ಲೊಮ್ಮೆ ಕಾಗದದ ಮೇಲೆ, ಬೇರೆಯವರಿಂದ. ಪದ ಮುರಿದ ಕಡೆಗಳನ್ನೇ ನೋಡಲು ಒಂದು ಸುತ್ತು ಇಡಿ. ಸಾಲಿನ ಕೊನೆಯಲ್ಲಿ 'ಹೋಗಬೇಕಾ' ನಿಂತು ಮುಂದಿನ ಸಾಲಿಗೆ 'ಯಿತು' ಬಿದ್ದರೆ ಓದುವವರ ಕಣ್ಣು ಎಡವುತ್ತದೆ.

ಹೊಸಪುಟ: ಐಎಸ್‌ಬಿಎನ್ (ಪುಸ್ತಕದ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ) ಸೇರಿಸಿ 'ಪ್ಯಾಕೇಜ್' ಕೊಡುತ್ತೇವೆ ಅನ್ನುವವರಿದ್ದಾರೆ. ತಗೊಳ್ಳಲೇ?

ಮಳಿಗೆಯಿಂದ: ಬೇಡ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಲೇಖಕರಿಗೂ ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್. ಪ್ಯಾಕೇಜಿನ ಐಎಸ್‌ಬಿಎನ್‌ನಲ್ಲಿ ಪ್ರಕಾಶಕರಾಗಿ ಸಾಮಾನ್ಯವಾಗಿ ಅವರ ಹೆಸರೇ ಇರುತ್ತದೆ. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ಬೇಕು. ಸ್ವಂತ ಪ್ರಕಟಣೆ ಅಂದರೆ ಪ್ರಕಾಶಕರ ಹೊಣೆಯೂ ನಿಮ್ಮದೇ: 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು. ಇವನ್ನು ಗೌರವ ಪ್ರತಿಗಳ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ವಯೋಮಿತಿಯಿದೆ, ಅಚ್ಚಿಗೆ ಕೊಡುವ ಮೊದಲೇ ಪ್ರಾಧಿಕಾರ ಹೊರಡಿಸುವ ಪ್ರಕಟಣೆಯಲ್ಲಿನ ನಿಯಮ ಓದಿ.

ಅಚ್ಚುಮನೆ: ಸರಿ, 100ರಿಂದಲೇ ಆಗಲಿ. ಆದರೆ ಡಿಜಿಟಲ್ ಅಂತ ಕಾಗದದಲ್ಲಿ ರಾಜಿ ಬೇಡ. ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಮ್ಯಾಪ್‌ಲಿಥೋ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್. ಕಾಗದದ ನಾರು ಬೆನ್ನಿನ ಉದ್ದಕ್ಕೇ ಇರಬೇಕು, ಅಡ್ಡವಾದರೆ ಪುಸ್ತಕ ಸಲೀಸಾಗಿ ತೆರೆಯದು, ಪರ್ಫೆಕ್ಟ್ ಬೈಂಡಿಂಗ್‌ನ ಅಂಟು ಬಿರಿದು ಹಾಳೆ ಕಳಚುತ್ತದೆ. ಮೊದಲು ಒಂದೇ ಪ್ರತಿ ಕಟ್ಟಿಸಿ, ಬೆನ್ನಿನ ದಪ್ಪ ಅಳೆದು, ಆಮೇಲೆ ಮುಖಪುಟದ ಫೈಲು ಅಂತಿಮಗೊಳಿಸಿ.