‘ಸಿಂಕ್’: ಸಮಕಾಲಿಕವೋ, ತಾಳೆಯೋ?

ಆತ್ಮೀಯರೇ,

‘ಸಿಂಕ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ‘ಸಿಂಕ್ ಮಾಡಿ’ ಎಂದರೆ ಮೊಬೈಲ್ ಹಿಡಿದವರಿಗೆಲ್ಲ ಅರ್ಥವಾಗುತ್ತದೆ ಎಂದುಕೊಂಡು ನಾನೂ ಇಷ್ಟು ದಿನ ಸುಮ್ಮನಿದ್ದೆ. ಈಚೆಗೆ ನಾನೇ ಆರಿಸಿದ ಒಂದು ಪದದಿಂದ ಎಡವಟ್ಟಾದ ಮೇಲೆ ಬಲ್ಲವರನ್ನು ಕೇಳಲೇಬೇಕೆನಿಸಿದೆ.

ನಮ್ಮ ತಂಡ ಅನುವಾದವಾಗಬೇಕಾದ ಲೇಖನಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ಇಡುತ್ತದೆ. ಯಾವ ಲೇಖನ ಯಾರ ಕೈಯಲ್ಲಿದೆ, ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಎಲ್ಲರೂ ನೋಡುವುದು ತಂಡದ ವರ್ಕ್‌ಸ್ಪೇಸ್‌ನಲ್ಲಿ, ಅಂದರೆ ಎಲ್ಲರೂ ಸೇರಿ ಕೆಲಸ ಮಾಡುವ ಆನ್‌ಲೈನ್ ತಾಣದಲ್ಲಿ. ಎರಡರ ನಡುವೆ ಕೋಡ್ ಬರೆಯದೆ ಕೊಂಡಿ ಹಾಕುವ ಒಂದು ಆಟೊಮೇಷನ್ ಉಪಕರಣವಿದೆ. ಅದರ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಸ್ಪ್ರೆಡ್‌ಶೀಟನ್ನು ವರ್ಕ್‌ಸ್ಪೇಸ್‌ನೊಂದಿಗೆ ಸಮಕಾಲಿಕಗೊಳಿಸಲಾಗಿದೆ’ ಎಂದು ಬರೆದು, ಒಳ್ಳೆಯ ಪದ ಸಿಕ್ಕಿತೆಂದು ಬೀಗಿದೆ. ಅದನ್ನು ಓದಿದ ಸಹೋದ್ಯೋಗಿಯೊಬ್ಬರು ವರ್ಕ್‌ಸ್ಪೇಸ್‌ನಲ್ಲಿ ‘ಬಾಕಿ’ ಎಂದಿದ್ದ ಹನ್ನೆರಡು ಲೇಖನಗಳನ್ನು ‘ಮುಗಿದಿದೆ’ ಎಂದು ತಿದ್ದಿದರು. ಸ್ವಲ್ಪ ಹೊತ್ತಿಗೆಲ್ಲ ಹನ್ನೆರಡೂ ಮತ್ತೆ ‘ಬಾಕಿ’. ಶೀಟ್‌ನಲ್ಲಿದ್ದ ಹಳೆಯ ಮಾತು ಬಂದು ಅವರ ತಿದ್ದುಪಡಿಯನ್ನು ಅಳಿಸಿ ಕೂತಿತ್ತು. ಉಪಕರಣದ ತಪ್ಪೇನೂ ಇಲ್ಲ. ಶೀಟ್‌ನಲ್ಲಿರುವುದನ್ನು ಅಲ್ಲಿಗೆ ಒಯ್ಯುವುದಷ್ಟೇ ಅದಕ್ಕೆ ಒಪ್ಪಿಸಿದ ಕೆಲಸ. ‘ಸಮಕಾಲಿಕ ಎಂದು ನೀವೇ ಬರೆದಿದ್ದೀರಲ್ಲ?’ ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

‘ಸಮಕಾಲಿಕ’ ಮೂಲಕ್ಕೆ ನಿಷ್ಠವಾದ ಪದವೇ. ‘ಸಿಂಕ್’ ಎಂಬುದು ‘ಸಿಂಕ್ರೊನೈಸ್’ನ ಮೊಟಕು ರೂಪ. ಗ್ರೀಕಿನಲ್ಲಿ ‘ಸಿನ್’ ಎಂದರೆ ಜೊತೆ, ‘ಖ್ರೋನೋಸ್’ ಎಂದರೆ ಕಾಲ. ತೊಡಕು ಆ ನಿಷ್ಠೆಯಲ್ಲೇ ಇದೆ. ಈ ಕೆಲಸದಲ್ಲಿ ಕಾಲ ಸಮವಾಗಿರುವುದೇ ಇಲ್ಲ. ಝೇಪಿಯರ್‌ನಂತಹ ಆಟೊಮೇಷನ್ ಉಪಕರಣದ ಅನೇಕ ಟ್ರಿಗರ್‌ಗಳು (ಕೆಲಸವನ್ನು ಶುರುಮಾಡಿಸುವ ಭಾಗಗಳು) ಹೊಸ ಸಾಲು ಬಂದಿದೆಯೇ ಎಂದು ಆಗಾಗ ಇಣುಕಿ ನೋಡುತ್ತವೆ, ಅಷ್ಟೆ. ಅದರ ಉಚಿತ ಯೋಜನೆಯಲ್ಲಿ ಹಾಗೆ ಇಣುಕುವುದು 15 ನಿಮಿಷಕ್ಕೊಮ್ಮೆ. ನಡುವಿನ ಹೊತ್ತಿನಲ್ಲಿ ಶೀಟ್ ಒಂದು ಹೇಳುತ್ತಿರುತ್ತದೆ, ವರ್ಕ್‌ಸ್ಪೇಸ್ ಇನ್ನೊಂದು. ಸಾಲದ್ದಕ್ಕೆ, ಕನ್ನಡದ ಕಿವಿಗೆ ‘ಸಮಕಾಲಿಕ’ ಎಂದೊಡನೆ ನೆನಪಾಗುವುದು ‘ಸಮಕಾಲೀನ’. ಇಬ್ಬರು ಕವಿಗಳು ಸಮಕಾಲೀನರು ಎಂದರೆ ಅವರ ಅಭಿಪ್ರಾಯವೂ ಒಂದೇ ಎಂದು ಯಾರೂ ತಿಳಿಯುವುದಿಲ್ಲ. ನಮಗೆ ಬೇಕಿರುವುದು ಅಭಿಪ್ರಾಯ ಒಂದಾಗುವುದು.

ಇಂಗ್ಲಿಷಿನಲ್ಲೂ ಆ ಪದ ಬಲು ಸಡಿಲ. ನೋಷನ್ ಎಂಬ ವರ್ಕ್‌ಸ್ಪೇಸ್ ಆ್ಯಪ್‌ನಲ್ಲಿ ‘ಸಿಂಕ್ಡ್ ಬ್ಲಾಕ್’ ಎಂಬುದಿದೆ. ಒಂದೇ ಪಠ್ಯ ಹಲವು ಪುಟಗಳಲ್ಲಿ ಕಾಣುತ್ತದೆ, ಎಲ್ಲಿ ತಿದ್ದಿದರೂ ಎಲ್ಲ ಕಡೆಯೂ ಬದಲಾಗುತ್ತದೆ. ಆಟೊಮೇಷನ್ ಉಪಕರಣಗಳಲ್ಲಿ ಅದೇ ಪದ, ಶೀಟ್‌ಗೆ ಹೊಸ ಸಾಲು ಸೇರಿದರೆ ಅಲ್ಲೊಂದು ಹೊಸ ದಾಖಲೆ ಹುಟ್ಟಿಸುವ ಒಮ್ಮುಖದ ಸಾಗಾಟಕ್ಕೂ ನಡೆಯುತ್ತದೆ. ಮೊದಲನೆಯದರಲ್ಲಿ ಇರುವುದೇ ಒಂದು ವಸ್ತು. ಎರಡನೆಯದರಲ್ಲಿ ಮೂಲವೊಂದು, ನಕಲೊಂದು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಎಡವದೆ ಇನ್ನೇನು?

ನನ್ನ ಒಲವು ಈಗ ‘ತಾಳೆ’ಯ ಕಡೆಗಿದೆ. ಲೆಕ್ಕ ತಾಳೆಯಾಯಿತು, ತಾಳೆಯಾಗಲಿಲ್ಲ ಎನ್ನುತ್ತೇವೆ. ಎರಡು ಕಡೆ ಬರೆದದ್ದು ಒಂದನ್ನೊಂದು ಒಪ್ಪಬೇಕು ಎಂಬುದು ಆ ಮಾತಿನಲ್ಲೇ ಇದೆ. ಹಸ್ತಪ್ರತಿಗಳನ್ನು ಸಂಪಾದಿಸುವವರೂ ಪ್ರತಿಗಳನ್ನು ತಾಳೆ ನೋಡುತ್ತಾರೆ. ಅವರ ಮಾತುಗಳು ಇಲ್ಲಿಗೆ ಎಷ್ಟು ಚೆನ್ನಾಗಿ ಕೂಡುತ್ತವೆಂದರೆ, ಯಾವುದನ್ನು ನಂಬಬೇಕೋ ಆ ಶೀಟ್ ‘ಮೂಲಪ್ರತಿ’, ಒಂದೇ ಕೋಶವನ್ನು (ಸೆಲ್) ಎರಡು ಕಡೆ ಬೇರೆ ಬೇರೆಯಾಗಿ ತಿದ್ದಿದ್ದರೆ ಅದು ‘ಪಾಠಾಂತರ’. ವ್ಯತ್ಯಾಸವೊಂದೇ: ಎಷ್ಟೋ ಇಮ್ಮುಖ ಜೋಡಣೆಗಳಲ್ಲಿ ಕೊನೆಗೆ ಬರೆದದ್ದೇ ಗೆಲ್ಲುತ್ತದೆ. ಸಂಪಾದಕನಾಗಿದ್ದರೆ ಸೋತ ಪಾಠವನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸುತ್ತಿದ್ದ.

ಆದರೆ ‘ತಾಳೆ ನೋಡು’ ಎಂದರೆ ಹೋಲಿಸಿ ನೋಡುವುದು ಮಾತ್ರ, ಸರಿಪಡಿಸುವುದಲ್ಲ. ‘ತಾಳೆಯಾಗು’ ತಾನಾಗಿ ಆಗುವಂಥದ್ದು. ಮಾಡಿಸುವ ಅರ್ಥಕ್ಕೆ ‘ತಾಳೆಗೊಳಿಸು’ ಎನ್ನಬಹುದೇ? ನನ್ನ ಕಿವಿಗೆ ಇನ್ನೂ ಹೊಸದಾಗಿ ಕೇಳಿಸುತ್ತದೆ. ‘ಸರಿದೂಗಿಸು’ ಹಳೆಯ ಚಂದದ ಪದ, ಆದರೆ ಅದರಲ್ಲಿ ಹೇಗೋ ಸಂಭಾಳಿಸುವ ವಾಸನೆಯಿದೆ. ‘ಹೊಂದಿಸು’ ಎಲ್ಲದಕ್ಕೂ ಸಲ್ಲುತ್ತದೆ, ಹಾಗಾಗಿ ಯಾವುದಕ್ಕೂ ಸಲ್ಲದು. ಈ ಉಪಕರಣಗಳಲ್ಲಿ ‘ಸೆಟ್ಟಿಂಗ್ಸ್’ಗೂ ಅದನ್ನೇ ಬಳಸಿಬಿಟ್ಟಿದ್ದೇವೆ.

ಇನ್ನೊಂದು ಸಂಗತಿಯನ್ನು ತಡವಾಗಿ ಗಮನಿಸಿದೆ. ನನ್ನ ವಾಕ್ಯದಲ್ಲಿ ಕ್ರಿಯಾಪದಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ‘ಒಂದಿಗೆ’. ‘ಇದನ್ನು ಅದರೊಂದಿಗೆ’ ಎಂದರೆ ಇಬ್ಬರೂ ಸಮ ಪಾಲುದಾರರು, ಕೊಡುಕೊಳ್ಳುವಿಕೆ ಎರಡೂ ಕಡೆಯದು. ‘ಇಲ್ಲಿಂದ ಅಲ್ಲಿಗೆ’ ಎಂದಿದ್ದರೆ ಸಿಂಕ್ ಎಂದು ಬರೆದಿದ್ದರೂ ಆ ಸಹೋದ್ಯೋಗಿ ಅಲ್ಲಿ ತಿದ್ದುತ್ತಿರಲಿಲ್ಲ. ನಾವು ಕ್ರಿಯಾಪದಕ್ಕಾಗಿ ನಿಘಂಟು ತಡಕುತ್ತಿರುವಾಗ ಕೆಲಸವೆಲ್ಲ ವಿಭಕ್ತಿಯ ಕೈಯಲ್ಲಿತ್ತು.

ಜೊತೆಗೆ ‘ಟ್ರಿಗರ್’ ಬಗ್ಗೆಯೂ ಒಂದು ಮಾತು. ‘ಪ್ರಚೋದಕ’ ಎಂದು ಹಲವರು ಬರೆಯುತ್ತಾರೆ. ಶೀಟ್‌ಗೆ ಒಂದು ಸಾಲು ಸೇರಿದರೆ ಯಾರೋ ಗಲಭೆಗೆ ಕುಮ್ಮಕ್ಕು ಕೊಟ್ಟಂತೆ ಕೇಳಿಸುತ್ತದೆ. ‘ನಿಮಿತ್ತ’ ಹೇಗೆ? ದಿನವೂ ತಪ್ಪದೆ ಮಾಡುವುದು ನಿತ್ಯ, ಕಾರಣ ಒದಗಿದಾಗ ಮಾಡುವುದು ನೈಮಿತ್ತಿಕ ಎಂಬ ಭೇದ ನಮ್ಮಲ್ಲಿ ಹಿಂದಿನಿಂದಲೂ ಇದೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಓಡುವ ಆಟೊಮೇಷನ್ ನಿತ್ಯ, ಹೊಸ ಸಾಲು ಸೇರಿದಾಗ ಓಡುವುದು ನೈಮಿತ್ತಿಕ. ಪೂಜೆಯ ವಾಸನೆ ಬಂತು ಎಂದು ಯಾರಾದರೂ ನಕ್ಕರೆ ನಗಲಿ. ‘ಮ್ಯಾಪಿಂಗ್’ಗೆ ಮಾತ್ರ ‘ನಕ್ಷೆ’ ಬೇಡವೇ ಬೇಡ. ಯಾವ ಕಂಬಸಾಲು (ಕಾಲಂ) ಯಾವುದಕ್ಕೆ ಹೋಗಬೇಕೆಂದು ಹೇಳುವುದು ‘ಜೋಡಣೆ’, ಮುಗಿಯಿತು.

ಸದ್ಯಕ್ಕೆ ಕೈಪಿಡಿಯ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಶೀಟ್‌ನಲ್ಲಿ ಬದಲಾದದ್ದು ವರ್ಕ್‌ಸ್ಪೇಸ್‌ಗೆ ಬರುತ್ತದೆ, ವರ್ಕ್‌ಸ್ಪೇಸ್‌ನಲ್ಲಿ ತಿದ್ದಿದ್ದು ಶೀಟ್‌ಗೆ ಹೋಗುವುದಿಲ್ಲ.’ ಸಿಂಕ್‌ನ ಹೆಸರೇ ಇಲ್ಲದೆ ಕೆಲಸ ನಡೆಯಿತು. ಆದರೆ ಗುಂಡಿಯ ಮೇಲೆ ಇಷ್ಟುದ್ದದ ವಾಕ್ಯ ಹಿಡಿಸುವುದಿಲ್ಲವಲ್ಲ. ಅಲ್ಲಿ ಒಂದೇ ಪದ ಬೇಕು, ಒಮ್ಮುಖ ಇಮ್ಮುಖ ಎರಡಕ್ಕೂ ಬೇರೆ ಬೇರೆಯಾದರೆ ಇನ್ನೂ ಒಳ್ಳೆಯದು. ‘ತಾಳೆಗೊಳಿಸು’ ಎಂಬ ರೂಪವನ್ನು ಯಾರಾದರೂ ಬರಹದಲ್ಲಿ ಕಂಡಿದ್ದೀರಾ? ಒಮ್ಮುಖಕ್ಕೆ ‘ಒಯ್ಯು’, ‘ಹರಿಸು’, ‘ದಾಟಿಸು’ ಇವುಗಳಲ್ಲಿ ನಿಮಗೆ ಯಾವುದು ಸರಿಯೆನಿಸುತ್ತದೆ?