ಅಪ್‌ಡೇಟ್: ಉಬುಂಟುವಿನ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎರರ್ ಹೋಯಿತು

ಹಳೇ ಸಿ ಪ್ರೋಗ್ರಾಂ ಒಂದು ಡೆಬಿಯನ್‌ ಲಿನಕ್ಸ್‌ನಲ್ಲಿ ಸರಿಯಾಗಿ ಬಿಲ್ಡ್ ಆಗುತ್ತದೆ, ಉಬುಂಟುವಿನಲ್ಲಿ ಮಾತ್ರ ‘ಎಸ್‌ಕ್ಯೂಆರ್‌ಟಿ’ (ವರ್ಗಮೂಲದ ಫಂಕ್ಷನ್) ಸಿಗುತ್ತಿಲ್ಲ ಎಂದು ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಲೈಬ್ರರಿಗಳ ಜೊತೆ ಜೋಡಿಸುವ ಟೂಲ್) ಹಟ ಹಿಡಿಯುತ್ತದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಕೆಲಸಕ್ಕೆ ಬಂದದ್ದು ‘ಲೈಬ್ರರಿಯ ಜಾಗ ನೋಡಿ’ ಎಂದವರ ಸಲಹೆ. ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಮಾಡುವ ‘ಮೇಕ್’ ಟೂಲ್‌ಗೆ ಸೂಚನೆ ಇರುವ ಫೈಲ್) ‘-ಎಲ್‌ಎಂ’, ಅಂದ್ರೆ ಗಣಿತದ ಲೈಬ್ರರಿ ಸೇರಿಸು ಅನ್ನೋದು, ಲಿಂಕರ್ ಆಯ್ಕೆಗಳ ಪಟ್ಟಿಯಾದ ಎಲ್‌ಡಿಫ್ಲ್ಯಾಗ್ಸ್ ಒಳಗಿತ್ತು. ಮೇಕ್ ಅದನ್ನು ಆಬ್ಜೆಕ್ಟ್ ಫೈಲ್‌ಗಳಿಗಿಂತ (ಕಂಪೈಲ್ ಆದ ತುಣುಕುಗಳು) ಮುಂಚೆ ಹಾಕುತ್ತದೆ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ, ಅಲ್ವಾ? ಉಬುಂಟುವಿನಲ್ಲಿ 11.10ರಿಂದ ‘ಆ್ಯಸ್-ನೀಡೆಡ್’ (ಬೇಕಾದ ಲೈಬ್ರರಿ ಮಾತ್ರ ಸೇರಿಸು) ಆಯ್ಕೆ ತಾನಾಗಿಯೇ ಆನ್ ಇರುತ್ತದೆ. ಹಾಗಾಗಿ ಆ ಹೊತ್ತಿಗೆ ಯಾರೂ ಕೇಳದ ಲೈಬ್ರರಿಯನ್ನು ಲಿಂಕರ್ ಬಿಟ್ಟುಬಿಡುತ್ತದೆ. ಡೆಬಿಯನ್‌ನಲ್ಲಿ ಇದು ಆನ್ ಇಲ್ಲ, ಅದಕ್ಕೇ ಅಲ್ಲಿ ತೊಂದರೆ ಕಾಣಲಿಲ್ಲ. ‘-ಎಲ್‌ಎಂ’ ಅನ್ನು ಲೈಬ್ರರಿಗಳ ಪಟ್ಟಿಯಾದ ಎಲ್‌ಡಿಲಿಬ್ಸ್‌ಗೆ ಹಾಕಿದೆ. ಅದು ಕೊನೆಗೆ ಬರುತ್ತದೆ, ಬಿಲ್ಡ್ ಆಯಿತು.

ಎಲ್‌ಡಿಕಾನ್ಫಿಗ್ ಓಡಿಸಿದ್ದು, ಎಲ್‌ಡಿ_ಲೈಬ್ರರಿ_ಪಾತ್ ಸೆಟ್ ಮಾಡಿದ್ದು ಎರಡೂ ಉಪಯೋಗಕ್ಕೆ ಬರಲಿಲ್ಲ. ಅವು ಪ್ರೋಗ್ರಾಂ ಶುರುವಾಗುವಾಗಿನ ಲೈಬ್ರರಿ ಹುಡುಕಾಟಕ್ಕೆ. ನನ್ನದು ಬಿಲ್ಡ್ ಹಂತದಲ್ಲೇ ನಿಂತಿತ್ತು. ಡೆವ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾದ ಲೈಬ್ರರಿ ಫೈಲ್‌ಗಳು) ಮತ್ತೆ ಇನ್‌ಸ್ಟಾಲ್ ಮಾಡಿದ್ದು ಸುಮ್ನೆ ಡೇಟಾ ಖರ್ಚು.

ತಲೆ ಜಾಸ್ತಿ ಕೆಡಿಸಿದ್ದು ಇನ್ನೊಂದು. ಪರೀಕ್ಷೆಗೆಂದು ಬರೆದ ಪುಟ್ಟ ಪ್ರೋಗ್ರಾಂನಲ್ಲಿ 2.0ರ ವರ್ಗಮೂಲ ಕೇಳಿದರೆ ‘-ಎಲ್‌ಎಂ’ ಇಲ್ಲದೆಯೂ ಲಿಂಕ್ ಆಗುತ್ತಿತ್ತು! ಸಂಖ್ಯೆ ಮೊದಲೇ ಗೊತ್ತಿದ್ದರೆ ಜಿಸಿಸಿ ಕಂಪೈಲರ್ ಕಂಪೈಲ್ ಮಾಡುವಾಗಲೇ ಉತ್ತರ ಲೆಕ್ಕ ಹಾಕಿ ಇಟ್ಟುಬಿಡುತ್ತದೆ, ಲೈಬ್ರರಿ ಬೇಕಾಗುವುದೇ ಇಲ್ಲ. ಪರೀಕ್ಷೆ ಮಾಡುವವರು ಬಳಕೆದಾರರಿಂದ ಸಂಖ್ಯೆ ಓದಿಸಿಕೊಂಡು ನೋಡಿ.

ಜಿಲಿಬ್‌ಸಿ (ಇಲ್ಲಿನ ಮುಖ್ಯ ಸಿ ಲೈಬ್ರರಿ) 2.34ರಿಂದ ಪಿಥ್ರೆಡ್ (ಥ್ರೆಡ್‌ಗಳ ಲೈಬ್ರರಿ) ಮುಖ್ಯ ಲೈಬ್ರರಿಗೇ ಸೇರಿದೆ. ಗಣಿತದ ಲೈಬ್ರರಿ ಮಾತ್ರ ಈಗಲೂ ಬೇರೆಯೇ, ಅದಕ್ಕೇ ‘-ಎಲ್‌ಎಂ’ ಕೊಡಬೇಕು.